ಮೊದಲು ಚಿಪ್ಪು, ಆಮೇಲೆ ತಿರುಳು

ಇಂಗ್ಲಿಷಿನವರು ಸುದ್ದಿಯನ್ನು ಸುಮ್ಮನೆ ಹೇಳಿಬಿಡುವ ಜನ ಅಲ್ಲ. ಅದು ಸುದ್ದಿಯೋ, ವದಂತಿಯೋ, ಆರೋಪವೋ ಅಂತ ಮೊದಲು ಅದರ ಹಣೆಗೆ ಚೀಟಿ ಅಂಟಿಸಬೇಕು, ಆಮೇಲೆ 'ದಟ್' ಅನ್ನಬೇಕು, ಅದಾದ ಮೇಲೆ ವಿಷಯಕ್ಕೆ ಬಾಯಿ ಬಿಡಬೇಕು. 'ದ ರೂಮರ್ ದಟ್', 'ದ ಕ್ಲೇಮ್ ದಟ್', 'ದ ಫಿಯರ್ ದಟ್', 'ದ ಹೋಪ್ ದಟ್'. ಕೇಳುವವನಿಗೆ ಮುಂಚೆಯೇ ಸೂಚನೆ ಸಿಕ್ಕಿತು: ಇದು ವದಂತಿ, ಅರ್ಧ ಕಿವಿ ಕೊಟ್ಟರೆ ಸಾಕು, ಇದು ಆರೋಪ, ಕೋರ್ಟು ಏನಾದರೂ ಹೇಳುವ ತನಕ ತೆಪ್ಪಗಿರು, ಇದು ಬರೀ ಆಸೆ, ನಂಬಿಕೊಂಡು ಸಾಲ ಗೀಲ ಕೊಟ್ಟೀಯ!

ನಮ್ಮ ಕಡೆ ಈ ಮುಂಜಾಗ್ರತೆ ಇಲ್ಲ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ಮೊಣಕೈ ಊರಿದರು ಅಂತಿಟ್ಟುಕೊಳ್ಳಿ. "ಆ ಮೂಲೆಮನೆ ಇಂಜಿನಿಯರು ಲಂಚ ತಗೊಂಡು ಸಿಕ್ಕಿಹಾಕ್ಕೊಂಡು, ಬೆಳಗಿನ ಜಾವ ಲೋಕಾಯುಕ್ತದವರು ಬಂದು, ಬೀರು ಶೋಧಿಸಿ, ಅಕ್ಕಿ ಡಬ್ಬದೊಳಗಿಂದ ಒಡವೆ ತೆಗೆದರು..." ಇಷ್ಟು ಹೊತ್ತಿಗೆ ನಾವು ಮನಸ್ಸಿನಲ್ಲೇ ಆ ಇಂಜಿನಿಯರನ್ನು ಸಸ್ಪೆಂಡ್ ಮಾಡಿ, ಅವರ ಮಗಳಿಗೆ ನೋಡಿದ್ದ ಸಂಬಂಧವನ್ನೂ ಮುರಿದು, ಅವರು ಕಳೆದ ವರ್ಷ ಗಣೇಶನ ಹಬ್ಬಕ್ಕೆ ಕೊಟ್ಟ ಚಂದಾ ಎಲ್ಲಿಂದ ಬಂತು ಅಂತ ಲೆಕ್ಕ ಹಾಕುತ್ತಿರುತ್ತೇವೆ. ಆಗ ಆಕೆ ಸೆರಗು ಸರಿಮಾಡಿಕೊಂಡು, "...ಅಂತ ಒಂದು ಗಾಳಿಸುದ್ದಿ ಕಣ್ರೀ" ಅಂತಾರೆ. ಚೀಟಿ ಕೊನೆಯಲ್ಲಿ ಬಂತು. ಅದನ್ನು ಅಂಟಿಸೋದು ಯಾರ ಹಣೆಗೆ? ಇಂಜಿನಿಯರ ಮಾನ ಆಗಲೇ ಬೀದಿ ತಿರುವು ದಾಟಿ ಹೋಗಿದೆ.

ಕನ್ನಡದಲ್ಲಿ ನಾಮಪದ ಕೊನೆಗೆ ಬರುವುದರಿಂದ ಆಗುವ ಅನಾಹುತ ಇದು. 'ರಾಜ ಸತ್ತ ಎಂಬ ಸುದ್ದಿ', 'ರಾಜ ಸತ್ತ ಎಂಬ ಸುಳ್ಳು', 'ರಾಜ ಸತ್ತ ಎಂಬ ನಾಟಕ': 'ಎಂಬ' ದಾಟುವ ತನಕ ರಾಜ ಮೂರರಲ್ಲೂ ಸತ್ತೇ ಇರುತ್ತಾನೆ. ನಮ್ಮ ಪತ್ರಿಕೆಯವರಿಗೆ ಇದರ ಅಪಾಯ ಚೆನ್ನಾಗಿ ಗೊತ್ತು. ಅದಕ್ಕೇ ಅವರು 'ಎನ್ನಲಾದ' ಎಂಬ ಅದ್ಭುತ ಪದವನ್ನು ಸಾಕಿಕೊಂಡಿದ್ದಾರೆ. 'ಕದ್ದರೆನ್ನಲಾದ ಹಣ', 'ಬೈದರೆನ್ನಲಾದ ಶಾಸಕರು'. ಯಾರು ಅಂದರು, ಯಾವಾಗ ಅಂದರು, ಕೇಳಬೇಡಿ. ಕರ್ತೃ ಇಲ್ಲದ ಆ ಒಂದು ಕ್ರಿಯಾಪದದ ಮರೆಯಲ್ಲಿ ಸಂಪಾದಕರಿಂದ ಹಿಡಿದು ಪೇಪರ್ ಹಾಕುವ ಹುಡುಗನವರೆಗೆ ಎಲ್ಲರೂ ಮಾನನಷ್ಟ ಮೊಕದ್ದಮೆಯಿಂದ ಪಾರು.

ಇಂಗ್ಲಿಷಿನವರದ್ದು ಎಲ್ಲ ಸಲೀಸು ಅಂತ ಮಾತ್ರ ತಿಳಿಯಬೇಡಿ. ನಾಮಪದದ ಬೆನ್ನಿಗೆ ಬರುವ ಅವರ 'ದಟ್'ನಲ್ಲಿ ಎರಡು ಜಾತಿ. ನೋಡೋಕೆ ಅವಳಿ, ಗುಣ ಬೇರೆ. 'ಸುಬ್ಬಣ್ಣ ತಂದ ಸುದ್ದಿ' ಅನ್ನೋದಕ್ಕೂ 'ದ ನ್ಯೂಸ್ ದಟ್', 'ಸುಬ್ಬಣ್ಣ ಸತ್ತ ಸುದ್ದಿ' ಅನ್ನೋದಕ್ಕೂ 'ದ ನ್ಯೂಸ್ ದಟ್'. ಮೊದಲನೆಯದರಲ್ಲಿ ಸುಬ್ಬಣ್ಣ ಸುದ್ದಿಯನ್ನು ಹೊತ್ತಿದ್ದಾನೆ, ಎರಡನೆಯದರಲ್ಲಿ ಸುಬ್ಬಣ್ಣನನ್ನೇ ನಾಲ್ಕು ಜನ ಹೊತ್ತಿದ್ದಾರೆ. ವ್ಯತ್ಯಾಸ ಕಂಡುಹಿಡಿಯೋಕೆ ಮೇಷ್ಟ್ರುಗಳು ಒಂದು ಉಪಾಯ ಹೇಳಿಕೊಡುತ್ತಾರೆ. 'ದಟ್' ತೆಗೆದು ಅಲ್ಲಿ 'ವಿಚ್' ಇಟ್ಟು ನೋಡಿ. ಸುಬ್ಬಣ್ಣ ತಂದ ಸುದ್ದಿಗೆ 'ವಿಚ್' ಒಗ್ಗುತ್ತದೆ, ಸತ್ತ ಸುದ್ದಿಗೆ ಒಗ್ಗುವುದಿಲ್ಲ. ಇನ್ನೂ ಒಂದು ಗುರುತಿದೆ. ಮೊದಲನೆಯದರಲ್ಲಿ 'ದಟ್' ಆದ ಮೇಲಿನ ವಾಕ್ಯಕ್ಕೆ ಒಂದು ಅಂಗ ಊನ: ಸುಬ್ಬಣ್ಣ ತಂದ, ಏನು ತಂದ? ಎರಡನೆಯದು ಸರ್ವಾಂಗ ಸಂಪೂರ್ಣ: ಸುಬ್ಬಣ್ಣ ಸತ್ತ, ಅಷ್ಟೇ, ಇನ್ನು ಏನೂ ಬೇಕಾಗಿಲ್ಲ. ಈ ಎರಡನೆಯ ಜಾತಿಗೆ 'ಕಂಟೆಂಟ್ ಕ್ಲಾಜ್' ಎಂಬ ಹೆಸರನ್ನು ಬಳಕೆಗೆ ತಂದವರು ಆಟೊ ಯೆಸ್ಪರ್ಸನ್. ನಾಮಪದದ ಹೊಟ್ಟೆಯೊಳಗಿನ ಸರಕು ಅಂತ ಅರ್ಥ. ಆತ ಡೆನ್ಮಾರ್ಕಿನವರು. ಏಳು ಸಂಪುಟಗಳ ಇಂಗ್ಲಿಷ್ ವ್ಯಾಕರಣ ಬರೆದ ಪುಣ್ಯಾತ್ಮ. ತಮ್ಮ ಮನೆಯಲ್ಲಿ ಎಷ್ಟು 'ದಟ್' ಇವೆ ಅಂತ ಇಂಗ್ಲಿಷಿನವರಿಗೆ ಎಣಿಸಿಕೊಡೋಕೂ ಹೊರಗಿನವರೇ ಬರಬೇಕಾಯಿತು.

ಕೆಲವು ಕಡೆ ಎರಡೂ ಜಾತಿ ಒಂದೇ ವಾಕ್ಯದಲ್ಲಿ ಠಿಕಾಣಿ ಹೂಡುತ್ತವೆ. 'ದ ಫ್ಯಾಕ್ಟ್ ದಟ್ ಎವ್ರಿಬಡಿ ನೋಸ್' ಅಂದರೆ ಏನು? 'ಎಲ್ಲರಿಗೂ ಗೊತ್ತಿರುವ ಸಂಗತಿ'ಯೂ ಆಗಬಹುದು, 'ಎಲ್ಲರಿಗೂ ಗೊತ್ತಿದೆ ಎಂಬ ಸಂಗತಿ'ಯೂ ಆಗಬಹುದು. ಇದೇನು ಮಹಾ ಅನ್ನಬೇಡಿ. ಮನೆಯಲ್ಲಿ ಹೇಳದೆ ಕೇಳದೆ ಚೀಟಿ ವ್ಯವಹಾರದಲ್ಲಿ ದುಡ್ಡು ಕಳೆದುಕೊಂಡ ಗಂಡಸನ್ನು ಕೇಳಿ. ದುಡ್ಡು ಹೋದ ಸಂಗತಿ ಒಂದು ನೋವು, ಅದು ಎಲ್ಲರಿಗೂ ಗೊತ್ತಾಗಿದೆ ಎಂಬ ಸಂಗತಿ ಅದಕ್ಕಿಂತ ದೊಡ್ಡ ನೋವು.

ಇಂಗ್ಲಿಷಿನ ಎದುರು ಕನ್ನಡದವರ ಬಾಯಿ ಒಣಗುವುದು ಮಾತ್ರ ಇಲ್ಲೂ ಅಲ್ಲ. ನಮ್ಮಲ್ಲಿ 'ಬರುವ' ಅಂತ ಒಂದು ರೂಪ ಇದೆ. ಬಡಪಾಯಿ, ಯಾವ ನಾಮಪದ ಕರೆದರೂ ಓಡಿಹೋಗಿ ಮುಂದೆ ನಿಲ್ಲುತ್ತದೆ. ಬರುವ ಬಸ್ಸು, ಬರುವ ಸಾಧ್ಯತೆ, ಬರುವ ಅವಕಾಶ, ಬರುವ ಅಭ್ಯಾಸ. ನಾವು ಹುಟ್ಟಿದಾಗಿನಿಂದ ಹೀಗೇ ಹೇಳಿಕೊಂಡು ಬಂದಿದ್ದೇವೆ, ಯಾವತ್ತೂ ಯಾವ ಬಸ್ಸೂ ತಪ್ಪಿಲ್ಲ. ಇಂಗ್ಲಿಷಿಗೆ ಹೋಗಿ ನೋಡಿ. ಬಸ್ಸಿಗೆ 'ದಟ್' ಅಥವಾ 'ವಿಚ್'. ಸಾಧ್ಯತೆಗೆ 'ದಟ್' ಸರಿ, 'ವಿಚ್' ಕೂಡದು. ಅವಕಾಶಕ್ಕೆ 'ಟು'. ಅಭ್ಯಾಸಕ್ಕೆ 'ಆಫ್', ಅದರ ಬಾಲಕ್ಕೊಂದು 'ಇಂಗ್'. ಒಂದು 'ಬರುವ' ಮಾಡುತ್ತಿದ್ದ ಕೆಲಸಕ್ಕೆ ನಾಲ್ಕು ಜನರ ನೇಮಕಾತಿ! 'ಐ ಹ್ಯಾವ್ ದ ಹ್ಯಾಬಿಟ್ ದಟ್ ಐ ಗೆಟ್ ಅಪ್ ಅರ್ಲಿ' ಅಂತ ಬರೆದ ಹುಡುಗನ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತದೆ. 'ಯಾಕೆ ಸಾರ್, ಪಾಸಿಬಿಲಿಟಿಗೆ ದಟ್ ಇರಬಹುದು, ಹ್ಯಾಬಿಟ್ಟಿಗೆ ಯಾಕಿಲ್ಲ?' ಅಂತ ಅವನು ಕೇಳಿದರೆ, 'ಅದು ಹಾಗೇ ಕಣೋ, ಕೂತ್ಕೋ' ಅನ್ನುವುದು ನಮ್ಮ ಇಂಗ್ಲಿಷ್ ಬೋಧನೆಯ ಪರಂಪರಾಗತ ಉತ್ತರ.

ಕಾರಣ ಪೂರ್ತಿ ಇಲ್ಲದೇನೂ ಇಲ್ಲ. ನಂಬಬಹುದಾದ, ಅಲ್ಲಗಳೆಯಬಹುದಾದ, ನಿಜವೋ ಸುಳ್ಳೋ ಆಗಬಹುದಾದ ಸರಕನ್ನು ಹೊರುವ ನಾಮಪದಕ್ಕೆ ಮಾತ್ರ ಈ 'ದಟ್' ಒಲಿಯುತ್ತದೆ. ಬಿಲೀಫ್, ಸಸ್ಪಿಶನ್, ಪ್ರೂಫ್, ಕನ್‌ಕ್ಲೂಶನ್. ಬಹಳಷ್ಟು ಇಂಥವು ತಮ್ಮ ತಾಯಿ ಕ್ರಿಯಾಪದದಿಂದ 'ದಟ್' ಅನ್ನು ಬಳುವಳಿಯಾಗಿ ತಂದವು. 'ಬಿಲೀವ್ ದಟ್' ಇದ್ದದ್ದಕ್ಕೆ 'ಬಿಲೀಫ್ ದಟ್'. ಹೆಂಡತಿ ಗಂಡನನ್ನು ಅನುಮಾನಿಸಿದರೆ ಅದಕ್ಕೆ 'ಸಸ್ಪಿಶನ್ ದಟ್' ಅಂತ ಸರಾಗವಾಗಿ ಹೇಳಬಹುದು, ಮುಂದಕ್ಕೆ ಎಷ್ಟು ಉದ್ದದ ವಾಕ್ಯ ಬೇಕಾದರೂ ಬರಲಿ. ಅದೇ ಹೆಂಡತಿ ಪ್ರೀತಿಸಿದರೆ? 'ಲವ್ ದಟ್' ಅಂತ ಶುರುಮಾಡಿ ಪೂರ್ತಿ ಸುದ್ದಿ ಹೇಳೋಕೆ ಬರುವುದಿಲ್ಲ. ಪ್ರೀತಿಗೆ 'ಫಾರ್' ಕೊಟ್ಟಿದ್ದಾರೆ, ಯಾರ ಮೇಲೆ ಅಂತ ತೋರಿಸಿ ಸುಮ್ಮನಾಗಬೇಕು. ಗೌರವಕ್ಕೂ ಅದೇ ಗತಿ, ದ್ವೇಷಕ್ಕೂ ಅದೇ ಗತಿ. ಅನುಮಾನಕ್ಕಿರುವ ವಾಕ್ಚಾತುರ್ಯ ಪ್ರೀತಿಗಿಲ್ಲ. ಸಂಸಾರಸ್ಥರಿಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು.

ಇಂಥ ನಾಮಪದಗಳ ಮೇಲೆ ಹ್ಯಾನ್ಸ್-ಯೋರ್ಗ್ ಶ್ಮಿಡ್ ಎಂಬ ಭಾಷಾವಿಜ್ಞಾನಿ 2000ದಲ್ಲಿ ದಪ್ಪದೊಂದು ಪುಸ್ತಕವನ್ನೇ ತಂದರು. ಅವರು ಇವನ್ನು 'ಶೆಲ್ ನೌನ್' ಅಂತಾರೆ. ಚಿಪ್ಪು ನಾಮಪದ! ಫ್ಯಾಕ್ಟ್, ಐಡಿಯಾ, ಪ್ರಾಬ್ಲಮ್, ಪಾಯಿಂಟ್, ಇವೆಲ್ಲ ಒಳಗೆ ಪೊಳ್ಳು. ಮುಂದಿನ ವಾಕ್ಯ ಬಂದು ತುಂಬಿದಾಗಲೇ ಅವಕ್ಕೆ ತೂಕ. 'ದ ಪ್ರಾಬ್ಲಮ್ ಈಸ್ ದಟ್' ಅಂತ ನಿಲ್ಲಿಸಿಬಿಟ್ಟರೆ ಕೇಳುವವನ ಕೈಗೆ ಬರೀ ಚಿಪ್ಪು. ಕನ್ನಡದಲ್ಲಿ ಕೈಗೆ ಚಿಪ್ಪು ಬರುವುದು ಅಂದರೆ ಏನು ಅಂತ ಆ ಜರ್ಮನ್ ಪಂಡಿತರಿಗೆ ಯಾರಾದರೂ ಹೇಳಿದ್ದರೆ ಎಷ್ಟು ಖುಷಿಪಡುತ್ತಿದ್ದರೋ. ಮೀಟಿಂಗಿನಲ್ಲಿ ಮುಕ್ಕಾಲು ಗಂಟೆ 'ದ ಪಾಯಿಂಟ್ ಈಸ್ ದಟ್', 'ದ ಥಿಂಗ್ ಈಸ್ ದಟ್' ಅಂತ ಕೇಳಿಸಿಕೊಂಡು ಎದ್ದುಬಂದವರಿಗೆ ಈ ಪರಿಭಾಷೆಯ ವಿವರಣೆ ಬೇಕಿಲ್ಲ.

ಚಿಪ್ಪುಗಳ ಪೈಕಿ ಚಕ್ರವರ್ತಿ ಅಂದರೆ 'ದ ಫ್ಯಾಕ್ಟ್ ದಟ್'. ಇವನು ಹುಟ್ಟಿಕೊಂಡದ್ದಕ್ಕೆ ಒಂದು ನ್ಯಾಯವಾದ ಕಾರಣ ಇದೆ. ಇಂಗ್ಲಿಷಿನ ಉಪಸರ್ಗಗಳಿಗೆ, ಅಂದರೆ 'ಡಿಸ್ಪೈಟ್', 'ಆಫ್', 'ಟು' ಅಂಥವಕ್ಕೆ, 'ದಟ್' ಕಂಡರಾಗದು. ನೇರವಾಗಿ ಅದರ ಪಕ್ಕ ಕೂರುವುದಿಲ್ಲ. 'ಇನ್ ದಟ್', 'ಎಕ್ಸೆಪ್ಟ್ ದಟ್' ಅಂತ ಬೆರಳೆಣಿಕೆಯ ಅಪವಾದ ಬಿಟ್ಟರೆ ಮಿಕ್ಕವಕ್ಕೆಲ್ಲ ನಡುವೆ ಒಬ್ಬ ನಾಮಪದ ಬೇಕು, ಪಂಚಾಯ್ತಿದಾರನ ಥರ. ಆ ಕೆಲಸಕ್ಕೆ ಬಂದವನೇ 'ಫ್ಯಾಕ್ಟ್'. 'ಇನ್ ಸ್ಪೈಟ್ ಆಫ್ ದ ಫ್ಯಾಕ್ಟ್ ದಟ್' ಅಂದರೆ ಒಟ್ಟು ಆರು ಪದ ಆಯಿತು. ಮಳೆ ಇನ್ನೂ ಶುರುವಾಗಿಯೇ ಇಲ್ಲ! ನಮ್ಮಲ್ಲಿ 'ಮಳೆ ಬಂದರೂ'. ಆರು ಪದ ಸೇರಿ ಮಾಡಿದ್ದನ್ನು ಒಂದು 'ರೂ' ಮಾಡಿ ಮುಗಿಸಿ, ಕೊಡೆ ಬಿಡಿಸಿಕೊಂಡು ಹೊರಟೇಹೋಗಿದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಸ್ಟ್ರಂಕ್ ಅಂತ ಒಬ್ಬ ಇಂಗ್ಲಿಷ್ ಮೇಷ್ಟ್ರು ಇದ್ದರು. ಮಾತು ಕಡಿಮೆ, ಕತ್ತರಿ ಜಾಸ್ತಿ. 1918ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಸ್ವಂತ ಖರ್ಚಿನಲ್ಲಿ 'ದ ಎಲಿಮೆಂಟ್ಸ್ ಆಫ್ ಸ್ಟೈಲ್' ಎಂಬ ಪುಟ್ಟ ಕೈಪಿಡಿ ಅಚ್ಚು ಹಾಕಿಸಿದರು. 'ದ ಫ್ಯಾಕ್ಟ್ ದಟ್' ಎಲ್ಲಿ ಕಂಡರೂ ಅಲ್ಲಿಂದ ಎತ್ತಂಗಡಿ ಮಾಡಿ ಅನ್ನುವುದು ಅವರ ಕಟ್ಟಪ್ಪಣೆ. 'ಓಯಿಂಗ್ ಟು ದ ಫ್ಯಾಕ್ಟ್ ದಟ್' ಯಾಕೆ, 'ಸಿನ್ಸ್' ಸಾಲದೆ? ಅವರ ಶಿಷ್ಯರಲ್ಲಿ ಒಬ್ಬ ಮುಂದೆ 'ಶಾರ್ಲಟ್ಸ್ ವೆಬ್' ಬರೆದು ಹೆಸರುವಾಸಿಯಾದ ಇ. ಬಿ. ವೈಟ್. ಮೇಷ್ಟ್ರು ತೀರಿಹೋದ ಮೇಲೆ ಆ ಕೈಪಿಡಿಯನ್ನು ಪರಿಷ್ಕರಿಸಿ 1959ರಲ್ಲಿ ಹೊರತಂದವನೂ ಅವನೇ. ಅದರ ಮುನ್ನುಡಿಯಲ್ಲಿ ಶಿಷ್ಯ ಮಾಡಿಕೊಂಡ ನಿವೇದನೆ ಬಹಳ ಸೊಗಸು. ಬರೆಯುವ ಭರದಲ್ಲಿ ತಾನು ಈ 'ದ ಫ್ಯಾಕ್ಟ್ ದಟ್' ಅನ್ನು ಒಂದು ಸಾವಿರ ಸಲ ಬರೆದಿದ್ದಿರಬೇಕು, ತಣ್ಣಗಾದ ಮೇಲೆ ಒಂದೈನೂರು ಸಲ ಹೊಡೆದುಹಾಕಿದ್ದಿರಬೇಕು ಅಂತಾನೆ. ಅಂದರೆ ಮಿಕ್ಕ ಐನೂರು ಮೇಷ್ಟ್ರ ಕಣ್ಣುತಪ್ಪಿಸಿ ಅಚ್ಚಾಗಿ ಇವತ್ತಿಗೂ ಲೈಬ್ರರಿಗಳಲ್ಲಿ ಹಾಯಾಗಿವೆ. ವೈಟ್‌ನಂಥವನ ಪಾಡೇ ಇದಾದರೆ ನಮ್ಮ ಪಿಯುಸಿ ಪ್ರಬಂಧಗಳನ್ನು ಯಾಕೆ ಆಡಿಕೊಳ್ಳಬೇಕು?

ಆಡಿಕೊಳ್ಳದೆ ಇರೋಕೂ ಆಗುವುದಿಲ್ಲ ಅನ್ನಿ. ನಮ್ಮ ದೇಶದಲ್ಲಿ ಇಂಗ್ಲಿಷ್ ಪ್ರಬಂಧಕ್ಕೆ ಗಣಪತಿ ಪೂಜೆ ಇದ್ದ ಹಾಗೆ ಒಂದು ಸಾಲು ಇದೆ: 'ದೇರ್ ಈಸ್ ನೋ ಡಿನಾಯಿಂಗ್ ದ ಫ್ಯಾಕ್ಟ್ ದಟ್'. ವಿಷಯ ಹಸುವಾದರೂ ಸರಿ, ಮಂಗಳಯಾನವಾದರೂ ಸರಿ, ವರದಕ್ಷಿಣೆಯಾದರೂ ಸರಿ. ಹಸುವಿಗೆ ನಾಲ್ಕು ಕಾಲು ಎಂಬುದನ್ನು ಅಲ್ಲಗಳೆಯೋಕೆ ಬಂದವರು ಯಾರು ಅಂತ ಯಾರೂ ಕೇಳುವುದಿಲ್ಲ. ರಜಾ ಅರ್ಜಿಯದ್ದು ಇನ್ನೊಂದು ವೈಭವ. 'ದಿಸ್ ಈಸ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟೀಸ್ ದಟ್' ಅಂತ ಶುರುವಾಗಿ ಜ್ವರದ ಹತ್ತಿರ ಬರುವ ಹೊತ್ತಿಗೆ ಜ್ವರ ಬಿಟ್ಟಿರುತ್ತದೆ. ಕನ್ನಡದ ಕಚೇರಿಯೇನೂ ಕಡಿಮೆಯದಲ್ಲ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಕೋರಿಕೊಳ್ಳುವುದೇನೆಂದರೆ' ಅಂತ ಅಲ್ಲಿಯೂ ಚಿಪ್ಪನ್ನೇ ಮುಂದಕ್ಕೆ ಎಳೆದು ಕೂರಿಸಿದ್ದಾರೆ. ಆಡುಮಾತಿನಲ್ಲಿ ಇದರ ತಮ್ಮನೇ 'ವಿಷಯ ಏನಪ್ಪಾ ಅಂದ್ರೆ'. ನನಗೇನೋ ಇದೇ ಇಷ್ಟ. ಇಂಗ್ಲಿಷಿನ 'ದಟ್' ಆದಮೇಲೆ ಉಸಿರಾಡೋಕೂ ಬಿಡುವಿಲ್ಲ. ನಮ್ಮ 'ಅಂದ್ರೆ' ಆದಮೇಲೆ ನಿಧಾನಕ್ಕೆ ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಎದುರಿಗಿರುವವನು 'ಹೇಳೋ ಮಾರಾಯ' ಅನ್ನುವ ತನಕ ಕಾಯಬಹುದು.

ಈ 'ಫ್ಯಾಕ್ಟ್' ಬರೀ ಸೋಮಾರಿಯಾಗಿದ್ದರೆ ಸ್ಟ್ರಂಕ್ ಮೇಷ್ಟ್ರ ಕತ್ತರಿ ಸಾಕಿತ್ತು. ಅವನು ಕಿಲಾಡಿಯೂ ಹೌದು. ಪಾಲ್ ಕಿಪಾರ್ಸ್ಕಿ, ಕ್ಯಾರಲ್ ಕಿಪಾರ್ಸ್ಕಿ ಅಂತ ಗಂಡ ಹೆಂಡತಿ ಇಬ್ಬರು ಭಾಷಾವಿಜ್ಞಾನಿಗಳು ಸೇರಿ 1970ರಲ್ಲಿ ಬರೆದ ಒಂದು ಲೇಖನಕ್ಕೆ 'ಫ್ಯಾಕ್ಟ್' ಅಂತಲೇ ಹೆಸರಿಟ್ಟರು. ಇದರ ಮಸಲತ್ತು ಅಲ್ಲಿ ಬಯಲಾಗಿದೆ. 'ರಿಗ್ರೆಟ್' ಥರದ ಕ್ರಿಯಾಪದದ ಮುಂದೆ 'ದ ಫ್ಯಾಕ್ಟ್ ದಟ್' ಸಲೀಸಾಗಿ ಕೂರುತ್ತದೆ, 'ಬಿಲೀವ್' ಮುಂದೆ ಕೂರುವುದಿಲ್ಲ. ಯಾಕೆಂದರೆ 'ಫ್ಯಾಕ್ಟ್' ಬಂದರೆ ಅದರ ಬೆನ್ನಿಗೆ ಬರುವ ಮಾತು ನಿಜ ಅಂತ ಆಗಲೇ ಮೊಹರು ಬಿದ್ದಿರುತ್ತದೆ, ನಂಬುವ ಬಿಡುವ ಪ್ರಶ್ನೆಯೇ ಏಳುವುದಿಲ್ಲ. ಇಡೀ ವಾಕ್ಯಕ್ಕೆ 'ನಾಟ್' ಹಾಕಿದರೂ ಮೊಹರು ಅಳಿಸದು. ಸೋದರತ್ತೆಯೊಬ್ಬರು ಹೊಸ ಸೊಸೆಗೆ, "ನೀನು ಅಡುಗೆ ಕಲಿಯದೇ ಬಂದಿದ್ದೀಯ ಅನ್ನೋದು ನಂಗೇನೂ ಬೇಜಾರಿಲ್ಲಮ್ಮ" ಅಂದರು ಅಂದುಕೊಳ್ಳಿ. ಬೇಜಾರಿಲ್ಲ ಅಂತ ಅವರು ಹೇಳಿದ್ದು ನಿಜ. ಅಡುಗೆ ಬರುವುದಿಲ್ಲ ಎಂಬ ತೀರ್ಪು ಮಾತ್ರ ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಆಯಿತು. "ಇಲ್ಲತ್ತೆ, ಬೇಜಾರು ಮಾಡ್ಕೋಬೇಡಿ" ಅಂತ ಆ ಹುಡುಗಿ ಬಾಯಿ ತೆಗೆದಳೋ, ತಾನೇ ಸಹಿ ಹಾಕಿದಂತೆ. ವಕೀಲರು, ರಾಜಕಾರಣಿಗಳು, ಅಳಿಯಂದಿರು ಎಲ್ಲರೂ ಈ ವರಸೆ ಬಲ್ಲರು.

ಚೀಟಿಯ ಮೇಲೆ 'ಸತ್ಯ' ಅಂತ ಬರೆದು ಡಬ್ಬದೊಳಗೆ ಬೇರೇನೋ ಇಡುವ ಆಟದಲ್ಲಿ ಜೇನ್ ಆಸ್ಟೆನ್‌ಳನ್ನು ಮೀರಿಸಿದವರಿಲ್ಲ. 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯ ಮೊದಲ ವಾಕ್ಯದಲ್ಲೇ ಆಕೆ ಇದು ಇಡೀ ಜಗತ್ತು ಒಪ್ಪಿರುವ 'ಟ್ರೂತ್' ಅಂತ ಗಂಭೀರವಾಗಿ ಘೋಷಿಸಿ, ಒಂದು 'ದಟ್' ಹಾಕಿ, ಆಮೇಲೆ ಹೇಳುವುದೇನು? ದುಡ್ಡಿರುವ ಬ್ರಹ್ಮಚಾರಿಗೆ ಹೆಂಡತಿಯ ಅಗತ್ಯ ಇದ್ದೇ ಇರುತ್ತದೆ ಅಂತ. ಅದು ಜಗತ್ತಿನ ಸತ್ಯ ಅಲ್ಲ, ಐದು ಹೆಣ್ಣುಮಕ್ಕಳ ತಾಯಿ ಬೆನೆಟ್ಟಮ್ಮನ ಹರಕೆ. ಬಿಗಿಯಾದ ವೈಯಾಕರಣಿಗಳು ಇಲ್ಲಿನ 'ದಟ್' ಬೇರೆ ಕಂಪಾರ್ಟ್‌ಮೆಂಟಿಗೆ ಸೇರಿದ್ದು ಅಂತ ತಕರಾರು ತೆಗೆಯಬಹುದು. ತೆಗೆಯಲಿ, ರೈಲು ಒಂದೇ. ಅಮೆರಿಕದವರು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ 'ಟ್ರೂತ್ಸ್' ಅಂತ ಬಹುವಚನದಲ್ಲೇ ಶುರುಮಾಡಿ ಸಾಲುಸಾಲಾಗಿ 'ದಟ್' ನಿಲ್ಲಿಸಿದರು. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದವರು ಅನ್ನುವುದು ಅದರಲ್ಲಿ ಮೊದಲನೆಯದು. ಕರಡು ಬರೆದ ಜೆಫರ್ಸನ್ ಸಾಹೇಬರ ತೋಟದಲ್ಲಿ ಆಗ ದುಡಿಯುತ್ತಿದ್ದವರು ಗುಲಾಮರು. ಆಸ್ಟೆನ್ ಬೇಕಂತಲೇ ನಗಿಸಿದಳು, ಇವರು ನಗದೆ ಬರೆದರು.

ನಮ್ಮ ಸಂಸತ್ತಿನಲ್ಲಂತೂ ಚಿಪ್ಪನ್ನೇ ನುಂಗಿಹಾಕಿ ಬರೀ 'ದಟ್' ಉಳಿಸಿಕೊಂಡಿದ್ದಾರೆ. ಬ್ರಿಟಿಷರಿಂದ ಬಂದ ಪದ್ಧತಿ. ಲೋಕಸಭೆಯಲ್ಲಿ ನಿರ್ಣಯ ಮಂಡಿಸುವಾಗ 'ದಟ್ ದ ಬಿಲ್ ಬಿ ಪಾಸ್ಡ್' ಅಂತಲೇ ಓದುತ್ತಾರೆ. ಮಸೂದೆ ಪಾಸಾಗಲಿ ಎಂಬ... ಎಂಬ ಏನು? ಮುಂದಿನದನ್ನು ಸ್ಪೀಕರ್ ನೋಡಿಕೊಳ್ಳುತ್ತಾರೆ.

ಇಷ್ಟೆಲ್ಲ ಶಿಸ್ತಿನ ಇಂಗ್ಲಿಷು ಒಂದು ಕಡೆ ನಮ್ಮ ಎದುರು ಕೈಚೆಲ್ಲುತ್ತದೆ. 1967ರಲ್ಲಿ ಎಂಐಟಿಯಲ್ಲಿ ಜಾನ್ ರಾಬರ್ಟ್ ರಾಸ್ ಎಂಬುವರು ಪಿಎಚ್‌ಡಿ ಪ್ರಬಂಧ ಬರೆದರು. ನಾಮಪದದ ಬೆನ್ನಿಗೆ 'ದಟ್' ಹಾಕಿ ಒಳಗೆ ಕಳಿಸಿದ ವಾಕ್ಯ ಇದೆಯಲ್ಲ, ಅದರೊಳಗಿಂದ ಪ್ರಶ್ನೆಯ ಪದವನ್ನು ಹೊರಗೆ ಎಳೆಯೋಕೆ ಆಗುವುದಿಲ್ಲ ಅಂತ ಅವರು ತೋರಿಸಿಕೊಟ್ಟರು. ಅಂಥ ಜಾಗಗಳಿಗೆ ಅವರಿಟ್ಟ ಹೆಸರು 'ಐಲ್ಯಾಂಡ್', ದ್ವೀಪ. 'ಹೂ ಡಿಡ್ ಯೂ ಹಿಯರ್ ದಟ್ ಶಿ ಮ್ಯಾರೀಡ್?' ಅಂತ ಕೇಳಬಹುದು. ನಡುವೆ 'ದ ರೂಮರ್' ಸೇರಿಸಿ 'ಹೂ ಡಿಡ್ ಯೂ ಹಿಯರ್ ದ ರೂಮರ್ ದಟ್ ಶಿ ಮ್ಯಾರೀಡ್?' ಅಂದಿರೋ, ಇಂಗ್ಲಿಷಿನವನ ಮುಖ ಕಿವುಚಿಕೊಳ್ಳುತ್ತದೆ. ಅವರ ಪ್ರಶ್ನಾರ್ಥಕ ಪದ ವಾಕ್ಯದ ತಲೆಗೇ ಬಂದು ಕೂರಬೇಕು. ದ್ವೀಪದಿಂದ ಅಲ್ಲಿಗೆ ದಾರಿ ಇಲ್ಲ. ನಮ್ಮ 'ಯಾರು', 'ಏನು', 'ಎಲ್ಲಿ'ಗಳಿಗೆ ಆ ಅವಸರ ಇಲ್ಲ. ಇದ್ದಲ್ಲೇ ಇದ್ದುಕೊಂಡು ಕೆಲಸ ಮುಗಿಸುತ್ತವೆ. ಸಂಬಂಧಿಕರ ಮದುವೆಯಲ್ಲಿ ಪಂಕ್ತಿಗೆ ಕೂತು ನೋಡಿ, ಇಡೀ ಎಲೆಸಾಲು ದ್ವೀಪಗಳ ಒಳಗೇ ಓಡಾಡುತ್ತಿರುತ್ತದೆ. "ಅವರು ಸೈಟನ್ನ ಎಷ್ಟಕ್ಕೆ ಮಾರಿದ್ರು ಅನ್ನೋ ಸುದ್ದಿ ಇದೆ?" "ಹುಡುಗ ಯಾವ ಕಂಪನಿ ಬಿಟ್ಟ ಅನ್ನೋ ಗುಮಾನಿ ನಿಮಗೆ?" ಕೋಸಂಬರಿ ಬಡಿಸುವವನು ಕೂಡ ತಡೆದು ನಿಂತು ಉತ್ತರ ಕೊಡುತ್ತಾನೆ.

ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದು ರಜೆಗೆ ಬಂದ ಮೊಮ್ಮಗನ ಹತ್ತಿರ ಅಜ್ಜಿ ಅಲ್ಲಿರುವ ಇನ್ನೊಬ್ಬ ಮೊಮ್ಮಗಳ ವಿಚಾರ ತೆಗೆದರು ಅಂತಿಟ್ಟುಕೊಳ್ಳಿ. "ಏನೋ ಪುಟ್ಟಾ, ನಮ್ಮ ಶಾಲು ಯಾರನ್ನ ಮದುವೆ ಆಗ್ತಾಳೆ ಅನ್ನೋ ಸುದ್ದಿ ಕೇಳ್ದೆ ನೀನು?" ಹುಡುಗ ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಳ್ಳೋಕೆ ಹೋಗಿ, ದ್ವೀಪದಲ್ಲಿ ಸಿಕ್ಕಿಹಾಕಿಕೊಂಡು, ಎರಡು ಸಲ ತೊದಲಿ, "ಅಜ್ಜಿ, ದಿಸ್ ಕ್ವಶ್ಚನ್... ಇಂಗ್ಲಿಷಲ್ಲಿ ಕೇಳೋಕೇ ಆಗಲ್ಲ" ಅಂತಾನೆ.

"ಇಂಗ್ಲಿಷಲ್ಲಿ ಯಾರೋ ಕೇಳಿದ್ದು ನಿನ್ನ? ಹುಡುಗನ ಹೆಸರು ಹೇಳು ಮೊದ್ಲು."